ಶಕ್ತಿಕೇಂದ್ರಕ್ಕೂ ಬಾಯಿದೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆಂದು ಜೀವಕೋಶದ ದೊಡ್ಡ ಚಿತ್ರವೊಂದು ಬಂದಿತ್ತು. ಬಣ್ಣ ಚೆನ್ನಾಗಿತ್ತು, ಕನ್ನಡ ಹೆಸರುಗಳೂ ಸರಿಯಾಗಿದ್ದವು. ನನ್ನ ಮಾತು ಚಿತ್ರದ ಕೆಳಗಿದ್ದ ಎರಡು ವಾಕ್ಯಗಳ ಬಗ್ಗೆ. ಮೊದಲನೆಯದು, ‘ಮೈಟೊಕಾಂಡ್ರಿಯಾ ಜೀವಕೋಶದ ಶಕ್ತಿಕೇಂದ್ರ.’ ಅದಕ್ಕೆ ನನ್ನ ತಕರಾರಿಲ್ಲ. ಎರಡನೆಯದು, ‘ಕೋಶಕೇಂದ್ರ ಆಜ್ಞೆ ಮಾಡುತ್ತದೆ, ಮೈಟೊಕಾಂಡ್ರಿಯಾ ಮುಂತಾದವು ಪಾಲಿಸುತ್ತವೆ.’ ಇದಕ್ಕೆ ತಕರಾರಿದೆ. ಚಿತ್ರದಲ್ಲಿ ಬಾಣದ ಗುರುತನ್ನೂ ಹಾಗೇ ಹಾಕಿದ್ದೀರಿ, ಕೋಶಕೇಂದ್ರದಿಂದ ಹೊರಕ್ಕೆ. ವಾಪಸ್ ಬರುವ ಬಾಣ ಒಂದೂ ಇಲ್ಲ.

ಬೈಯಲು ಬರೆಯುತ್ತಿದ್ದೇನೆಂದು ತಿಳಿಯಬೇಡಿ. ಕಡೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ 33 ವರ್ಷ ವಿಜ್ಞಾನ ಪಾಠ ಮಾಡಿ 2017ರಲ್ಲಿ ನಿವೃತ್ತಳಾದವಳು ನಾನು. ಅಷ್ಟೂ ವರ್ಷ ಇದೇ ವಾಕ್ಯವನ್ನು ಬೋರ್ಡಿನ ಮೇಲೆ ಬರೆದಿದ್ದೇನೆ, ಮಕ್ಕಳ ಕೈಲಿ ಬರೆಸಿದ್ದೇನೆ, ಬರೆಯದವರ ಅಂಕ ಕಳೆದಿದ್ದೇನೆ. ಮನಸ್ಸಿಗೆ ನಾಟಲಿ ಅಂತ ಒಂದು ಹೋಲಿಕೆಯನ್ನೂ ಇಟ್ಟುಕೊಂಡಿದ್ದೆ. ಕೋಶಕೇಂದ್ರ ಅಂದರೆ ಹೆಡ್‌ಮಾಸ್ಟರು, ಮೈಟೊಕಾಂಡ್ರಿಯಾ ಅಂದರೆ ಬೆಲ್ ಹೊಡೆಯುವ ಜವಾನ. ಹೆಡ್‌ಮಾಸ್ಟರು ಹೇಳದೆ ಬೆಲ್ ಆಗದು. ಮಕ್ಕಳು ನಗುತ್ತಿದ್ದರು, ನೆನಪಿಟ್ಟುಕೊಳ್ಳುತ್ತಿದ್ದರು. ನಮ್ಮ ಶಾಲೆಯ ಜವಾನರು ಮಾತ್ರ ಒಮ್ಮೆ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡು, ಪಾಠ ಮುಗಿದ ಮೇಲೆ, ‘ಮೇಡಂ, ಹೆಡ್‌ಮಾಸ್ಟ್ರ ಗಡಿಯಾರ ನಿಂತು ಆರು ತಿಂಗಳಾತು. ಟೈಮ್ ಎಷ್ಟಾತು ಅಂತ ಅವರು ನನ್ನೇ ಕೇಳೋದು’ ಅಂದರು. ಆಗಲೇ ಬುದ್ಧಿ ಬರಬೇಕಿತ್ತು.

ಬರಲಿಲ್ಲ. 1991 ಇರಬೇಕು, ಅದೇ ಪಾಠ ನಡೆಯುವಾಗ ಕೊನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನಪ್ಪ ಲೈನ್‌ಮನ್. ‘ಮಿಸ್, ಪವರ್ ಹೌಸ್ ಕೆಟ್ಟೋದ್ರೆ ಹೆಡ್‌ಮಾಸ್ಟ್ರಿಗೆ ಯಾರ್ ಹೇಳ್ತಾರೆ?’ ಅಂದ. ತರಗತಿ ಗೊಳ್ಳೆಂದಿತು. ತಲೆಹರಟೆ ಅಂದುಕೊಂಡು ‘ಕೂತ್ಕೊಳೋ’ ಅಂದೆ, ಕೂತ. ಅವನದು ತಲೆಹರಟೆ ಆಗಿರಲಿಲ್ಲ ಸ್ವಾಮಿ. ಅಪ್ಪ ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಕಂಬದಿಂದ ಕಂಬಕ್ಕೆ ನಡೆಯುವುದನ್ನು ನೋಡಿದ ಹುಡುಗ. ಯಾವ ಫೀಡರ್ ಟ್ರಿಪ್ ಆಯಿತು, ಎಲ್ಲಿ ಜಂಪ್ ಕಟ್ ಆಯಿತು ಅನ್ನುವ ಸುದ್ದಿ ಆಫೀಸಿಗೆ ಮುಟ್ಟದಿದ್ದರೆ ಊರು ಕತ್ತಲಲ್ಲೇ ಇರುತ್ತದೆ ಅನ್ನುವುದು ಅವರ ಮನೆಯಲ್ಲಿ ದಿನಾ ಕೇಳುವ ಮಾತು. ನಾನು ಪವರ್ ಹೌಸ್ ಅಂದಿದ್ದೆ, ಅವನು ಅದನ್ನು ಪವರ್ ಹೌಸ್ ಅಂತಲೇ ತಿಳಿದು ಕೇಳಿದ್ದ.

ಪ್ರಶ್ನೆಯ ತೂಕ ತಿಳಿಯಬೇಕಾದರೆ ಒಂದು ಲೆಕ್ಕ ಗೊತ್ತಿರಬೇಕು. ಮೈಟೊಕಾಂಡ್ರಿಯಾಕ್ಕೆ ತನ್ನದೇ ಡಿಎನ್‌ಎ ಇದೆ. ಮನುಷ್ಯರಲ್ಲಿ ಅದರ ಉದ್ದ 16,569 ಅಕ್ಷರ. 1981ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ವಿಜ್ಞಾನಿಗಳು ಪೂರ್ತಿ ಓದಿ ಮುಗಿಸಿದರು. ಅದರಲ್ಲಿ ಇರುವುದು 37 ವಂಶವಾಹಿ (ಜೀನ್), ಅವುಗಳಲ್ಲಿ ಪ್ರೋಟೀನು ಮಾಡಲು ಹೇಳುವವು 13. ಆದರೆ ಮೈಟೊಕಾಂಡ್ರಿಯಾ ನಡೆಯಬೇಕಾದರೆ ಸಾವಿರಕ್ಕೂ ಮೀರಿ ಪ್ರೋಟೀನು ಬೇಕು. ಮಿಕ್ಕಿದ್ದೆಲ್ಲದರ ನಕ್ಷೆ ಇರುವುದು ಕೋಶಕೇಂದ್ರದಲ್ಲಿ. ಅವು ಹೊರಗೆ ಕೋಶದ್ರವ್ಯದಲ್ಲಿ ತಯಾರಾಗಿ ಮೈಟೊಕಾಂಡ್ರಿಯಾದ ಪೊರೆಯಲ್ಲಿರುವ ಬಾಗಿಲುಗಳ ಮೂಲಕ ಒಳಗೆ ಹೋಗುತ್ತವೆ. ಇಷ್ಟು ಕೇಳಿದರೆ ಕೋಶಕೇಂದ್ರವೇ ಯಜಮಾನ ಅನ್ನಿಸುತ್ತದೆ, ನಿಜ. ಆದರೆ ಶಕ್ತಿ ತಯಾರಿಸುವ ಮುಖ್ಯ ಯಂತ್ರಗಳು ಎರಡೂ ಕಡೆಯ ಬಿಡಿಭಾಗ ಸೇರಿದರೆ ಮಾತ್ರ ನಿಲ್ಲುವಂಥವು. ಮೊದಲನೇ ಯಂತ್ರವನ್ನೇ ತೆಗೆದುಕೊಳ್ಳಿ. ಸುಮಾರು 45 ಭಾಗ, ಅದರಲ್ಲಿ 7 ಮೈಟೊಕಾಂಡ್ರಿಯಾದ್ದು, ಉಳಿದವು ಕೋಶಕೇಂದ್ರದ್ದು. ನಮ್ಮ ಮನೆ ಕಟ್ಟಿಸುವಾಗ ಬಾಗಿಲಿನ ಚೌಕಟ್ಟನ್ನು ಒಬ್ಬ ಆಚಾರಿ ಮಾಡಿದ, ಕದವನ್ನು ಇನ್ನೊಬ್ಬ. ಇಬ್ಬರಿಗೂ ಮಾತಿಲ್ಲ. ಇವತ್ತಿಗೂ ಜೂನ್ ತಿಂಗಳು ಬಂತೆಂದರೆ ಆ ಕದವನ್ನು ಭುಜ ಕೊಟ್ಟು ತಳ್ಳಬೇಕು. ಜೀವಕೋಶದೊಳಗೆ ಹಾಗಾದರೆ ಭುಜ ಕೊಡುವವರು ಯಾರು?

ಒಂದೇ ಯಂತ್ರದ ಬಿಡಿಭಾಗಕ್ಕೆ ಎರಡು ಕಾರ್ಖಾನೆ ಯಾಕೆ ಅಂದರೆ ಅವು ಮೊದಲಿಗೆ ಎರಡು ಬೇರೆ ಜೀವಿಗಳೇ. ಮೈಟೊಕಾಂಡ್ರಿಯಾ ಒಂದು ಕಾಲದಲ್ಲಿ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಾ. ಇನ್ನೊಂದು ಕೋಶದೊಳಗೆ ಸೇರಿಕೊಂಡು ಅಲ್ಲೇ ಉಳಿಯಿತು, ಕಾಲಕ್ರಮದಲ್ಲಿ ತನ್ನ ಹೆಚ್ಚಿನ ವಂಶವಾಹಿಗಳನ್ನು ಕೋಶಕೇಂದ್ರಕ್ಕೆ ಒಪ್ಪಿಸಿತು. 1967ರಲ್ಲಿ ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಈ ವಿಚಾರವನ್ನು ಬಲವಾಗಿ ಮಂಡಿಸಿದ ಲೇಖನ ಅಚ್ಚಾಗುವ ಮುಂಚೆ ಹದಿನೈದರಷ್ಟು ಪತ್ರಿಕೆಗಳಿಂದ ವಾಪಸ್ ಬಂದಿತ್ತಂತೆ. ಸಂಪಾದಕರ ಕಿವಿಗೆ ಇದನ್ನು ಸುಮ್ಮನೆ ಹಾಕಿರುತ್ತೇನೆ.

ಈಗ ಹೊಲಕ್ಕೆ ಬರೋಣ. ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಹೊಲದಿಂದ.

ನನ್ನ ತಮ್ಮನ ಜಮೀನು ಸಖರಾಯಪಟ್ಟಣದ ಹತ್ತಿರ, ಅಯ್ಯನಕೆರೆಯ ನೀರು ಬೀಳುವ ಕಡೆ. ಈಗ ಅಡಿಕೆ ಹಾಕಿದ್ದಾನೆ. ಆಗ ಒಂದು ಬೀಜದ ಕಂಪನಿಗೆ ಸೂರ್ಯಕಾಂತಿ ಹೈಬ್ರಿಡ್ ಬೀಜ ಬೆಳೆದುಕೊಡುತ್ತಿದ್ದ. ಸೂರ್ಯಕಾಂತಿಯಲ್ಲಿ ದೇಶದ ಮೊದಲ ಹೈಬ್ರಿಡ್ ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದೇ, 1980ರ ಬಿಎಸ್‌ಎಚ್-1. ಆಮೇಲೆ 1992ರಲ್ಲಿ ಬಂದ ಕೆಬಿಎಸ್‌ಎಚ್-1 ಹಳೆಯ ರೈತರಿಗೆ ಇನ್ನೂ ನೆನಪಿರುತ್ತದೆ. ಬೀಜದ ಪ್ಲಾಟ್ ನೋಡದವರಿಗಾಗಿ ಹೇಳುತ್ತೇನೆ. ಮೂರು ಹೆಣ್ಣು ಸಾಲು, ಒಂದು ಗಂಡು ಸಾಲು, ಮತ್ತೆ ಮೂರು ಹೆಣ್ಣು ಸಾಲು, ಹೀಗೆ ಹೊಲದ ಉದ್ದಕ್ಕೂ. ಸುತ್ತ 400 ಮೀಟರಿನೊಳಗೆ ಬೇರೆ ಸೂರ್ಯಕಾಂತಿ ಇರಬಾರದು. ಪಕ್ಕದ ಹೊಲದವರ ಮನೆಗೆ ಹೋಗಿ ಕಾಫಿ ಕುಡಿದು ‘ಈ ವರ್ಷ ಒಂದು ಸಲ ಬೇರೆ ಏನಾದರೂ ಹಾಕಿ’ ಅಂತ ಕೇಳಿಕೊಳ್ಳುವುದೂ ಬೇಸಾಯದ ಒಂದು ಭಾಗವೇ. ಹೂ ಬಿಟ್ಟ ಮೇಲೆ ದಿನ ಬಿಟ್ಟು ದಿನ, ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ, ಕೈಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು ಗಂಡು ಸಾಲಿನ ಹೂವನ್ನು ಸವರಿ, ಅದೇ ಕೈಯಿಂದ ಹೆಣ್ಣು ಸಾಲಿನ ಹೂವನ್ನು ಸವರಬೇಕು. ಹೆಣ್ಣು ಸಾಲಿನ ಗಿಡಕ್ಕೆ ತನ್ನದೇ ಪರಾಗ ಇರುವುದಿಲ್ಲ. ಇದ್ದರೆ ತನ್ನಷ್ಟಕ್ಕೆ ತಾನೇ ಬೀಜ ಕಟ್ಟಿಬಿಡುತ್ತದೆ, ಹೈಬ್ರಿಡ್ ಆಗುವುದಿಲ್ಲ.

1996ರ ಡಿಸೆಂಬರ್ ರಜೆಯಲ್ಲಿ ನಾನು ಅಲ್ಲಿದ್ದೆ. ಆರೂವರೆಗೆ ತಮ್ಮ ಎಬ್ಬಿಸಿದ. ಶಕುನಗಿರಿಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ, ಎಲೆಯ ಇಬ್ಬನಿಗೆ ಸೀರೆ ಮೊಣಕಾಲವರೆಗೂ ಒದ್ದೆ. ಹೆಣ್ಣು ಸಾಲಿನ ಒಂದು ಹೂವನ್ನು ಹತ್ತಿರ ಬಗ್ಗಿಸಿ ತೋರಿಸಿದ. ಸೂರ್ಯಕಾಂತಿಯ ತಟ್ಟೆಯಲ್ಲಿ ಪುಟ್ಟ ಹೂಗಳು ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಅರಳುತ್ತವಲ್ಲ, ಅರಳಿದ ಸುತ್ತಿನಲ್ಲಿ ಕೇಸರದ ಕೊಳವೆ ಇರಬೇಕಾದ ಕಡೆ ಸೊರಗಿದ, ಬಣ್ಣಗೆಟ್ಟ ಎಳೆಯಷ್ಟೇ. ಅಂಗೈ ಉಜ್ಜಿ ನೋಡಿದೆ, ಏನೂ ಅಂಟಲಿಲ್ಲ. ಅದೇ ಸಾಲಿನಲ್ಲಿ ಹತ್ತು ಹೆಜ್ಜೆ ಮುಂದೆ ಇನ್ನೊಂದು ಗಿಡ. ಅದೇ ಎತ್ತರ, ಎಲೆಯ ಅಂಚು ಅದೇ, ಅರಳಿದ್ದೂ ಅದೇ ದಿನ. ಆದರೆ ಇದರ ಕೇಸರ ಕಪ್ಪುಗಂದು, ನೆಟ್ಟಗೆ ಹೊರಗೆ ಬಂದಿದೆ. ಉಜ್ಜಿದರೆ ಅಂಗೈ ತುಂಬ ಅರಿಶಿನದ ಹಾಗೆ ಹಳದಿ ಪುಡಿ.

‘ಇದು ಪುಡಿ ಬಿಡ್ತೈತೆ ಕಣಕ್ಕ, ಕಿತ್ತಾಕು. ಜೇನು ಬರೋಕೆ ಮುಂಚೆ ಎಲ್ಲ ಕೀಳ್ಬೇಕು’ ಅಂದ. ಸೆರಗು ಸಿಕ್ಕಿಸಿಕೊಂಡು ನಾನೂ ಬೆರಕೆ ಕೀಳಲು ನಿಂತೆ. ಐದು ದಿನ ಕಿತ್ತೆವು. ಎಷ್ಟು ಕಿತ್ತರೂ ಮುಗಿಯಲಿಲ್ಲ. ಆರನೇ ದಿನ ಕಂಪನಿಯ ಫೀಲ್ಡ್‌ಮನ್ ಬಂದು ಎಣಿಸಿ, ತಲೆಯಾಡಿಸಿ, ಪ್ಲಾಟ್ ರಿಜೆಕ್ಟ್ ಮಾಡಿ ಹೋದ. ಬೆರಕೆ ಬಂದಿದ್ದು ಅವರೇ ಕೊಟ್ಟ ಹೆಣ್ಣು ಬೀಜದ ಚೀಲದಲ್ಲಿ. ಆದರೂ ಕಾಗದದ ಮೇಲೆ ತಪ್ಪು ರೈತನದು. ಆ ವರ್ಷದ ಬೆಳೆ ಎಣ್ಣೆ ಮಿಲ್ಲಿಗೆ ಮಾಮೂಲಿ ಕಾಳಿನ ರೇಟಿಗೆ ಹೋಯಿತು. ಕಂಪನಿಯ ಹೆಸರು ಬೇಡ, ಈಗ ಅದು ಇದೆಯೋ ಇಲ್ಲವೋ.

ಹೋಗುವ ಮುಂಚೆ ಆ ಫೀಲ್ಡ್‌ಮನ್, ಒಳ್ಳೆಯ ಹುಡುಗ, ನಾನು ವಿಜ್ಞಾನದ ಟೀಚರ್ ಅಂತ ತಿಳಿದು ಬದುವಿನ ಮೇಲೆ ಕೂತು ವಿವರಿಸಿದ. ಹೆಣ್ಣು ಸಾಲಿನ ಗಿಡಕ್ಕೆ ಎ ಲೈನ್ ಅಂತಾರೆ. ಅದು ಪರಾಗವಿಲ್ಲದ್ದು. ಪರಾಗವೇ ಇಲ್ಲದ ಮೇಲೆ ಅದರ ವಂಶ ಮುಂದುವರಿಯುವುದು ಹೇಗೆ? ಅದಕ್ಕೆ ಬಿ ಲೈನ್ ಅಂತ ಒಂದು ಜೋಡಿ ಇರುತ್ತದೆ. ಬಿ ಲೈನಿನ ಪರಾಗ ಹಾಕಿದರೆ ಎ ಲೈನಿನಲ್ಲಿ ಮತ್ತೆ ಎ ಲೈನ್ ಬೀಜವೇ ಹುಟ್ಟುತ್ತದೆ. ಬೀಜ ವೃದ್ಧಿ ಮಾಡುವಾಗ ಎ ಲೈನಿನ ರಾಶಿಗೆ ಬಿ ಲೈನ್ ಕಾಳು ಬೆರೆತರೆ ಹೊಲದಲ್ಲಿ ಹೀಗೆ ಪುಡಿ ಬಿಡುವ ಗಿಡ ಬರುತ್ತವೆ. ‘ಹಾಗಾದರೆ ಎ-ಗೂ ಬಿ-ಗೂ ಏನು ವ್ಯತ್ಯಾಸ?’ ಅಂತ ಕೇಳಿದೆ. ‘ಕೋಶಕೇಂದ್ರ ಎರಡರದ್ದೂ ಒಂದೇ ಮೇಡಂ. ವರ್ಷಗಟ್ಟಲೆ ಬಿ ಪರಾಗವನ್ನೇ ಹಾಕಿ ಹಾಕಿ ಒಂದೇ ಮಾಡಿರ್ತಾರೆ. ಬೇರೆ ಇರೋದು ಸೈಟೋಪ್ಲಾಸಂ ಮಾತ್ರ, ಅದು ತಾಯಿ ಕಡೆಯಿಂದಷ್ಟೇ ಬರೋದು’ ಅಂದ. ಸೈಟೋಪ್ಲಾಸಂ ಅಂದರೆ ಕೋಶದ್ರವ್ಯ, ಇಲ್ಲಿ ಅದರೊಳಗಿನ ಮೈಟೊಕಾಂಡ್ರಿಯಾ ಅಂತ ನಾನು ಆಮೇಲೆ ಓದಿ ತಿಳಿದೆ.

ಸಂಪಾದಕರೇ, ಅದನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಹೆಡ್‌ಮಾಸ್ಟರು ಒಬ್ಬರೇ. ಎರಡೂ ಶಾಲೆಗೆ ಅವರದು ಅದೇ ಆರ್ಡರು. ಒಂದು ಶಾಲೆಯಲ್ಲಿ ಬೆಲ್ ಆಗುತ್ತದೆ, ಇನ್ನೊಂದರಲ್ಲಿ ಆಗುವುದಿಲ್ಲ. ಬದಲಾಗಿದ್ದು ಜವಾನ ಮಾತ್ರ. ನನ್ನ ಬಲ ಅಂಗೈಯಲ್ಲಿ ಹಳದಿ ಪುಡಿ, ಎಡ ಅಂಗೈಯಲ್ಲಿ ಏನೂ ಇಲ್ಲ. ಕೋಶಕೇಂದ್ರವೊಂದೇ ಆಜ್ಞೆ ಮಾಡುವುದಾಗಿದ್ದರೆ ಎರಡೂ ಕೈ ಒಂದೇ ಥರ ಇರಬೇಕಿತ್ತು.

ರಜೆ ಮುಗಿಸಿ ಶಾಲೆಗೆ ಹೋದೆ. ಮತ್ತೆ ಅದೇ ವಾಕ್ಯ ಬರೆಸಿದೆ, ಇನ್ನೂ ಇಪ್ಪತ್ತು ವರ್ಷ. ಪರೀಕ್ಷೆಯ ಮಾದರಿ ಉತ್ತರದಲ್ಲಿ ಇದ್ದದ್ದು ಅದು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಸೂರ್ಯಕಾಂತಿಯ ಎ ಲೈನಿನೊಳಗೆ ಏನಾಗುತ್ತದೆ ಅನ್ನುವುದು ಈಗ ಸಾಕಷ್ಟು ತಿಳಿದಿದೆ. ಇದರ ಮೂಲ, ಕಾಡು ಜಾತಿಯ ಸೂರ್ಯಕಾಂತಿಯೊಂದನ್ನು ತಾಯಿ ಮಾಡಿ ನಾಡಿನದರ ಜೊತೆ ಕೂಡಿಸಿದಾಗ ಸಿಕ್ಕಿದ್ದು. ಫ್ರಾನ್ಸಿನ ತಳಿವಿಜ್ಞಾನಿ ಲೆಕ್ಲೆರ್ಕ್ 1969ರಲ್ಲಿ ಪ್ರಕಟಿಸಿದರು. ಅದರ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ ತುಂಡುಗಳು ಹಿಂದುಮುಂದಾಗಿ ಸೇರಿಕೊಂಡು ಒಂದು ಹೊಸ ವಂಶವಾಹಿ ಹುಟ್ಟಿದೆ. ಗಿಡದ ಬೇರು, ಕಾಂಡ, ಎಲೆ ಎಲ್ಲ ಚೆನ್ನಾಗಿಯೇ ಇರುತ್ತವೆ. ಕೇಸರದೊಳಗೆ ಮಾತ್ರ, ಎಳೆ ಪರಾಗಕ್ಕೆ ಉಣಿಸುವ ಪದರವಿದೆಯಲ್ಲ, ಆ ಪದರದ ಕೋಶಗಳು ಕೆಲಸ ಮುಗಿಯುವ ಮುಂಚೆಯೇ ಸಾಯುತ್ತವೆ. ಸಾಯುವ ಮೊದಲು ಮೈಟೊಕಾಂಡ್ರಿಯಾದಿಂದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಹೊರಗೆ ಸೋರುತ್ತದೆ. 2001ರಲ್ಲಿ ಆಕ್ಸ್‌ಫರ್ಡಿನ ಇಬ್ಬರು ಇದನ್ನು ಸೂರ್ಯಕಾಂತಿಯಲ್ಲೇ ತೋರಿಸಿದರು. ನಮ್ಮ ಮೈಯ ಕೋಶಗಳಲ್ಲೂ ಅದೇ ಪ್ರೋಟೀನು ಹೊರಗೆ ಬಂದರೆ ಕೋಶಕ್ಕೆ ಸಾವಿನ ಕರೆ ಬಂದಂತೆ. ಶಕ್ತಿ ತಯಾರಿಸುವ ಮನೆಯ ಒಳಗಿನ ಕೆಲಸಗಾರನೇ ಬೀದಿಗೆ ಬಂದು ನಿಂತರೆ ಬೇರೆ ಸುದ್ದಿ ಬೇಕೇ?

ಕ್ಯಾರೆಟ್ಟಿನ ಕಥೆ ಇನ್ನೂ ಸೊಗಸು. ಅದರ ಒಂದು ಬಗೆಯಲ್ಲಿ ಮೈಟೊಕಾಂಡ್ರಿಯಾ ಬದಲಾದರೆ ಕೇಸರ ಇರಬೇಕಾದ ಜಾಗದಲ್ಲಿ ಹೂವಿನ ಹೆಣ್ಣು ಭಾಗದಂಥದ್ದು ಮೂಡುತ್ತದೆ. ಕೇಸರ ಕಟ್ಟುವ ವಂಶವಾಹಿಗಳು ಇರುವುದು ಕೋಶಕೇಂದ್ರದಲ್ಲಿ, ಅವು ಅಲ್ಲಿ ತಣ್ಣಗಾಗಿಬಿಟ್ಟಿರುತ್ತವೆ. ಅಂದರೆ ಕೋಶಕೇಂದ್ರ ಕೆಳಗಿನ ಮಾತು ಕೇಳುತ್ತದೆ, ಕೇಳಿ ತನ್ನ ಕೆಲಸ ಬದಲಿಸುತ್ತದೆ.

ಉತ್ತರ ಕೊಡುವುದೂ ಉಂಟು. ಗಂಡು ಸಾಲಿನ ಗಿಡಕ್ಕೆ ಆರ್ ಲೈನ್ ಅನ್ನುತ್ತಾರೆ. ಅದರ ಕೋಶಕೇಂದ್ರದಲ್ಲಿ ಒಂದು ವಂಶವಾಹಿ ಇದೆ. ಅದು ಬಂದ ಮೇಲೆ ಹೂವಿನ ಗಂಡು ಭಾಗದಲ್ಲಿ ಮೈಟೊಕಾಂಡ್ರಿಯಾದ ಆ ತರಲೆ ವಂಶವಾಹಿಯ ಸದ್ದು ಇಳಿಯುತ್ತದೆ, ಪರಾಗ ಮತ್ತೆ ಹುಟ್ಟುತ್ತದೆ. ರೈತ ಕೊಂಡು ಬಿತ್ತುವ ಹೈಬ್ರಿಡ್ ಬೀಜ ಎ ಮತ್ತು ಆರ್ ಕೂಡಿದ್ದು. ಅದಕ್ಕೇ ಅವನ ಹೊಲದಲ್ಲಿ ಹೂವಿಗೆ ಪರಾಗ ಇರುತ್ತದೆ, ಕಾಳು ಕಟ್ಟುತ್ತದೆ. ಭತ್ತದಲ್ಲೂ ಇದೇ ಆಟ. ಅಲ್ಲಿ ಕೋಶಕೇಂದ್ರ ಕಳಿಸುವ ಪ್ರೋಟೀನು ಮೈಟೊಕಾಂಡ್ರಿಯಾದ ಒಳಗೇ ಹೋಗಿ ಅಲ್ಲಿನ ತರಲೆ ವಂಶವಾಹಿಯ ಕೆಲಸದ ಪ್ರತಿಯನ್ನು (ಆರ್‌ಎನ್‌ಎ) ಹಾಳುಮಾಡುತ್ತದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನವರು 1996ರಲ್ಲಿ ಕೊಟ್ಟ ಕೆಆರ್‌ಎಚ್-2 ಹೈಬ್ರಿಡ್ ಭತ್ತ ನಿಂತಿರುವುದೂ ಈ ಎ, ಬಿ, ಆರ್ ಮೂರರ ಮೇಲೆಯೇ. ಒಬ್ಬ ಹೇಳಿದ, ಇನ್ನೊಬ್ಬ ಎದುರು ಹೇಳಿದ, ಆಮೇಲೆ ರಾಜಿ. ನಮ್ಮ ಊರಿನ ಪಂಚಾಯಿತಿ ಕಟ್ಟೆಯ ಹಾಗೆ.

ಈಗ ಆ ಹುಡುಗನ ಪ್ರಶ್ನೆ. ಕೆಟ್ಟ ಸುದ್ದಿ ಹೇಳುವವರು ಯಾರು? ಇದಕ್ಕೆ ಮೊದಲ ಉತ್ತರ ಅವನು ಕೇಳುವುದಕ್ಕೆ ನಾಲ್ಕು ವರ್ಷ ಮುಂಚೆಯೇ ಬಂದಿತ್ತು. 1987ರಲ್ಲಿ, ಅಮೆರಿಕದ ಡಲ್ಲಾಸ್‌ನಲ್ಲಿ ರೊನಾಲ್ಡ್ ಬ್ಯೂಟೊ ಅವರ ಪ್ರಯೋಗಾಲಯದಲ್ಲಿ. ಅವರು ನೋಡಿದ್ದು ಈಸ್ಟನ್ನು, ಬೇಕರಿಯವರು ಬನ್ನಿಗೆ ಹಾಕುತ್ತಾರಲ್ಲ, ಅದೇ. (ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳಲ್ಲಿ ಎಷ್ಟೋ ನಮ್ಮ ಪಕ್ಕದ ಹಾಸನ ಜಿಲ್ಲೆಯವರದು, ಈಸ್ಟಿನ ಮೇಲೆ ನಮಗೂ ಸ್ವಲ್ಪ ಹಕ್ಕಿದೆ.) ಮೈಟೊಕಾಂಡ್ರಿಯಾದ ಡಿಎನ್‌ಎ ಕಳೆದುಕೊಂಡ ಈಸ್ಟಿನಲ್ಲಿ, ಕೋಶಕೇಂದ್ರದ ಕೆಲವು ವಂಶವಾಹಿಗಳ ಕೆಲಸ ಜೋರಾಗಿತ್ತು. ಯಾರೋ ಸುದ್ದಿ ಮುಟ್ಟಿಸಿದ್ದಾರೆ ಅಂತಾಯಿತು. ಹುಡುಕಿದಾಗ ಮುಂದೆ ಸಿಕ್ಕಿದ್ದು ಒಂದು ಜೋಡಿ ಪ್ರೋಟೀನು. ಎಲ್ಲ ನೆಟ್ಟಗಿದ್ದಾಗ ಅವು ಕೋಶದ್ರವ್ಯದಲ್ಲಿ ಸುಮ್ಮನೆ ಕೂತಿರುತ್ತವೆ, ಮೈಟೊಕಾಂಡ್ರಿಯಾ ಕೆಟ್ಟಾಗ ಎದ್ದು ಕೋಶಕೇಂದ್ರದೊಳಕ್ಕೆ ಹೋಗುತ್ತವೆ. ಕೋಶಕೇಂದ್ರ ಅದರಂತೆ ಅಡುಗೆ ಬದಲಿಸುತ್ತದೆ. ಕೆಟ್ಟ ಮೈಟೊಕಾಂಡ್ರಿಯಾದಲ್ಲಿ ಆಗಬೇಕಿದ್ದ ವಸ್ತುಗಳನ್ನು ಬೇರೆ ದಾರಿಯಲ್ಲಿ ಮಾಡಿಕೊಳ್ಳುತ್ತದೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಹುಳುವಿನ ಸಂಗತಿ. ಒಂದು ಮಿಲಿಮೀಟರ್ ಉದ್ದದ ಮಣ್ಣಿನ ಹುಳು, ಸಿ. ಎಲಿಗನ್ಸ್. ಅದರಲ್ಲಿ ಎಟಿಎಫ್‌ಎಸ್-1 ಎಂಬ ಪ್ರೋಟೀನು ಇದೆ. ಅದರ ಮೈಮೇಲೆ ಎರಡು ವಿಳಾಸ ಬರೆದಿದೆ, ಒಂದು ಮೈಟೊಕಾಂಡ್ರಿಯಾದ್ದು, ಇನ್ನೊಂದು ಕೋಶಕೇಂದ್ರದ್ದು. ಮೈಟೊಕಾಂಡ್ರಿಯಾ ಆರೋಗ್ಯವಾಗಿದ್ದರೆ ಬಾಗಿಲು ತೆರೆದು ಅದನ್ನು ಒಳಗೆ ಎಳೆದುಕೊಳ್ಳುತ್ತದೆ, ಅಲ್ಲೇ ಚೂರುಚೂರು ಮಾಡಿ ಮುಗಿಸುತ್ತದೆ. ದಿನವೂ ಹೀಗೆ ಬರುವುದು, ಚೂರಾಗುವುದು. ಮೈಟೊಕಾಂಡ್ರಿಯಾ ಕಾಹಿಲೆ ಬಿದ್ದ ದಿನ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಪ್ರೋಟೀನು ಹೊರಗೇ ಉಳಿಯುತ್ತದೆ, ಎರಡನೇ ವಿಳಾಸ ಹಿಡಿದು ಕೋಶಕೇಂದ್ರಕ್ಕೆ ಹೋಗುತ್ತದೆ, ರಿಪೇರಿಗೆ ಬೇಕಾದ ವಂಶವಾಹಿಗಳನ್ನು ಎಬ್ಬಿಸುತ್ತದೆ. 2012ರಲ್ಲಿ ಕೋಲ್ ಹೇನ್ಸ್ ಅವರ ತಂಡ ಇದನ್ನು ಬಿಡಿಸಿ ತೋರಿಸಿತು. ಪೋಸ್ಟ್‌ಮನ್ ದಿನಾ ಒಂದು ಕಾಗದ ತಂದು ಕೊಡುವ ಮನೆ. ಒಂದು ದಿನ ಎಷ್ಟು ಬಾಗಿಲು ಬಡಿದರೂ ತೆರೆಯಲಿಲ್ಲ, ಕಾಗದ ವಾಪಸ್ ಆಫೀಸಿಗೆ ಹೋಯಿತು. ಆ ಮನೆಯಲ್ಲಿ ಏನೋ ಆಗಿದೆ ಅಂತ ಆಫೀಸಿನವರಿಗೆ ತಿಳಿಯಲು ಬೇರೆ ದೂರು ಬೇಕಿಲ್ಲ.

ಮನುಷ್ಯರಲ್ಲಿ ದಾರಿ ಬೇರೆ. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಮ್ಯೂನಿಕ್‌ನ ಎರಡು ತಂಡಗಳು ಒಂದೇ ಹೊತ್ತಿಗೆ ಅದನ್ನು ಹಿಡಿದವು. ಮೈಟೊಕಾಂಡ್ರಿಯಾಕ್ಕೆ ತೊಂದರೆಯಾದಾಗ ಅದರ ಪೊರೆಯಲ್ಲಿರುವ ಒಎಂಎ1 ಎಂಬ ಕತ್ತರಿ ಡೆಲೆ1 ಎಂಬ ಪ್ರೋಟೀನನ್ನು ಕತ್ತರಿಸುತ್ತದೆ. ತುಂಡು ಕೋಶದ್ರವ್ಯಕ್ಕೆ ಬಂದು ಇನ್ನೊಂದು ಪ್ರೋಟೀನನ್ನು ಎಚ್ಚರಿಸುತ್ತದೆ, ಅದು ಮಾಮೂಲಿ ಪ್ರೋಟೀನುಗಳ ತಯಾರಿಕೆಯನ್ನು ತಗ್ಗಿಸುತ್ತದೆ. ಅಂಥ ಹೊತ್ತಿನಲ್ಲೂ ತಯಾರಾಗುವ ಎಟಿಎಫ್4 ಎಂಬುದು ಕೋಶಕೇಂದ್ರಕ್ಕೆ ಹೋಗಿ ಸಂಕಟಕಾಲದ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಮೊದಲು ಫೀಡರ್ ಟ್ರಿಪ್, ಆಮೇಲೆ ಲೈನ್‌ಮನ್. ಆ ಹುಡುಗನ ಅಪ್ಪನಿಗೆ ಹೇಳಿದ್ದರೆ ಒಂದೇ ಸಲಕ್ಕೆ ಅರ್ಥವಾಗುತ್ತಿತ್ತು.

ಸುದ್ದಿಗೆ ಇರುವುದು ಇವೇ ದಾರಿಗಳಲ್ಲ. ಮೈಟೊಕಾಂಡ್ರಿಯಾದಲ್ಲಿ ತಯಾರಾಗುವ ಕೆಲವು ಸಣ್ಣ ಅಣುಗಳ ಮಟ್ಟ ಏರಿಳಿದರೆ ಕೋಶಕೇಂದ್ರದ ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನುಗಳ ಮೇಲಿನ ಗುರುತುಗಳು ಬದಲಾಗುತ್ತವೆ, ಯಾವ ವಂಶವಾಹಿ ತೆರೆಯಬೇಕು ಯಾವುದು ಮುಚ್ಚಬೇಕು ಅನ್ನುವುದೂ ಬದಲಾಗುತ್ತದೆ. ಅದರ ಡಿಎನ್‌ಎ ತುಂಡೇ ಹೊರಗೆ ಸೋರಿದರೆ ಕೋಶ ಅದನ್ನು ವೈರಸ್ಸು ಬಂತೆಂದು ತಿಳಿದು ರೋಗನಿರೋಧಕ್ಕೆ ಸಜ್ಜಾಗುತ್ತದೆ. ಹಳೆಯ ಬ್ಯಾಕ್ಟೀರಿಯಾದ ಗುರುತು ಇನ್ನೂ ಅಳಿಸಿಲ್ಲ. ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲೇ ಬರೆದಿರುವ, 16 ಅಮೈನೋ ಆಮ್ಲಗಳ ಮಾಟ್ಸ್-ಸಿ ಎಂಬ ಪುಟಾಣಿ ಪ್ರೋಟೀನು (ಪೆಪ್ಟೈಡ್) 2015ರಲ್ಲಿ ಬೆಳಕಿಗೆ ಬಂತು. ಒತ್ತಡದ ಹೊತ್ತಿನಲ್ಲಿ ಅದು ತಾನೇ ಕೋಶಕೇಂದ್ರಕ್ಕೆ ಹೋಗುತ್ತದೆಂದು 2018ರಲ್ಲಿ ಕಂಡರು.

ಇಷ್ಟು ಬರೆದದ್ದಕ್ಕೆ ಇನ್ನೊಂದು ಮಾತು ಸೇರಿಸದಿದ್ದರೆ ತಪ್ಪಾಗುತ್ತದೆ. ಈಚೆಗೆ ಚಿಕ್ಕಮಗಳೂರಿನಲ್ಲಿ ನಡೆದ ಒಂದು ‘ಉಚಿತ ತಪಾಸಣೆ’ಯಲ್ಲಿ ನನ್ನ ನಾದಿನಿಗೆ ಯಾವುದೋ ಯಂತ್ರದ ಮೇಲೆ ಅಂಗೈ ಇಡಿಸಿ, ‘ನಿಮ್ಮ ಮೈಟೊಕಾಂಡ್ರಿಯಾ ವೀಕ್ ಆಗಿದೆ’ ಅಂತ ಹೇಳಿ 2,400 ರೂಪಾಯಿಯ ಪುಡಿ ಡಬ್ಬಿ ಕೊಟ್ಟು ಕಳಿಸಿದರು. ಅಂಗೈಯನ್ನು ಯಂತ್ರದ ಮೇಲಿಟ್ಟು ಮೈಟೊಕಾಂಡ್ರಿಯಾ ಅಳೆಯುವುದಾಗಿದ್ದರೆ ವಿಜ್ಞಾನಿಗಳು ಇಷ್ಟು ವರ್ಷ ಈಸ್ಟು, ಹುಳು ಅಂತ ಒದ್ದಾಡುತ್ತಿರಲಿಲ್ಲ. ಡಬ್ಬಿ ತೆರೆದು ನೋಡಿದೆ, ಏಲಕ್ಕಿ ಪರಿಮಳದ ಹಿಟ್ಟು. ‘ಅತ್ತಿಗೆ, ರುಚಿಯಾಗೇನೋ ಇದೆ’ ಅನ್ನುತ್ತಾಳೆ ನಾದಿನಿ. ಶಕ್ತಿಕೇಂದ್ರ ಅನ್ನುವ ಒಂದೇ ಪದ ಕಲಿಸಿ ಬಿಟ್ಟಿದ್ದಕ್ಕೆ ಬಂದ ಫಲ ಇದು. ಪವರ್ ಹೌಸ್ ಅಂದಮೇಲೆ ಸೌದೆ ಹಾಕಿದರೆ ಉರಿಯುತ್ತದೆ ಅಂದುಕೊಳ್ಳುತ್ತಾರೆ ಜನ. ನಮ್ಮ ಪಾಠದ ಪಾಲೂ ಇದರಲ್ಲಿದೆ.

ಮೆಕ್ಕೆಜೋಳದವರೂ ಒಂದು ಮಾತು ಕೇಳಿಸಿಕೊಳ್ಳಲಿ. ಅಮೆರಿಕದಲ್ಲಿ 1970ರ ಹೊತ್ತಿಗೆ ಹೈಬ್ರಿಡ್ ಜೋಳದ ಬಹುಪಾಲು ಒಂದೇ ಬಗೆಯ ಮೈಟೊಕಾಂಡ್ರಿಯಾದ ಮೇಲೆ ನಿಂತಿತ್ತು, ಟೆಕ್ಸಾಸ್ ಸೈಟೋಪ್ಲಾಸಂ ಅಂತ ಹೆಸರು. ಪರಾಗ ತಡೆಯುತ್ತಿದ್ದ ಅದರ ವಂಶವಾಹಿಯೇ ಎಲೆ ಅಂಗಮಾರಿಯ ಶಿಲೀಂಧ್ರದ ವಿಷಕ್ಕೂ ಬಾಗಿಲು ತೆರೆಯಿತು. ಆ ವರ್ಷ ದೇಶದ ಜೋಳದ ಬೆಳೆಯಲ್ಲಿ ಶೇ 15ರಷ್ಟು ಹೋಯಿತು. ಹೆಚ್ಚಿನವರು ನೋಡುತ್ತಿದ್ದದ್ದು ಕೋಶಕೇಂದ್ರದ ಗುಣಗಳನ್ನು, ಮೈಟೊಕಾಂಡ್ರಿಯಾವನ್ನು ಲೆಕ್ಕಕ್ಕಿಟ್ಟವರು ಕಡಿಮೆ. ಸೂರ್ಯಕಾಂತಿಯಲ್ಲಿ ಇವತ್ತಿಗೂ ಜಗತ್ತಿನ ಹೆಚ್ಚುಕಡಿಮೆ ಎಲ್ಲ ಹೈಬ್ರಿಡ್‌ಗಳೂ ಆ 1969ರ ಒಂದೇ ತಾಯಿಯ ಮೈಟೊಕಾಂಡ್ರಿಯಾ ಹೊತ್ತಿವೆ.

ನನ್ನ ಕೋರಿಕೆ ದೊಡ್ಡದಲ್ಲ. ಮುಂದಿನ ವಾರ ಅದೇ ಚಿತ್ರವನ್ನು ಇನ್ನೊಮ್ಮೆ ಹಾಕಿ, ಮೈಟೊಕಾಂಡ್ರಿಯಾದಿಂದ ಕೋಶಕೇಂದ್ರಕ್ಕೆ ಒಂದು ಬಾಣ ಎಳೆಯಿರಿ. ಕೆಳಗೆ ‘ಎರಡೂ ಒಂದಕ್ಕೊಂದು ಸುದ್ದಿ ಕಳಿಸುತ್ತವೆ’ ಅಂತ ಬರೆಯಿರಿ. ಮಕ್ಕಳು ಪರೀಕ್ಷೆಯಲ್ಲಿ ಹಾಗೆ ಬರೆದರೆ ಮೌಲ್ಯಮಾಪಕರು ಅಂಕ ಕಳೆಯದಿರಲಿ. ನಮ್ಮ ಜಿಲ್ಲೆಯ ಮೇಷ್ಟ್ರುಗಳಿಗೆ ಜವಾನನ ಹೋಲಿಕೆ ಬೇಕಾದರೆ ಇಟ್ಟುಕೊಳ್ಳಲಿ, ಗಡಿಯಾರ ನಿಂತಿದ್ದನ್ನೂ ಸೇರಿಸಿ ಹೇಳಲಿ.

ಇತಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಸಖರಾಯಪಟ್ಟಣ, ಕಡೂರು ತಾಲ್ಲೂಕು

ಮರೆತಿದ್ದೆ: ಕಾಗದ ಉದ್ದವಾಯಿತು, ನಿಮ್ಮ ಅಂಕಣದಲ್ಲಿ ಜಾಗ ಕಡಿಮೆ ಅಂತ ಗೊತ್ತು. ಕತ್ತರಿಸಲೇಬೇಕಾದರೆ ನಾದಿನಿಯ ಡಬ್ಬಿಯನ್ನು ಕತ್ತರಿಸಿ, ಅವಳೂ ನಿಮ್ಮ ಪತ್ರಿಕೆ ಓದುತ್ತಾಳೆ. ಎ ಸಾಲಿನ ಗಿಡ ಮತ್ತು ಬೆರಕೆ ಗಿಡದ ಪ್ಯಾರಾ ಮಾತ್ರ ಮುಟ್ಟಬೇಡಿ.